ಗಬ್ಬೂರಿನ ನಕ್ಷೆಯಿಂದ ಮಾಯವಾದ ಜೋಳ

"ಮೇಡಂ, ನಮ್ಮ ಊರೇ ಮಾಯ ಆಗ್ಯದರೀ!"

ಮಸರಕಲ್ಲಿನ ಶಿಕ್ಷಕ ಸಂಜೀವ ಫೋನಿನಲ್ಲಿ ಹಾಗೆ ಕೂಗಿದಾಗ ಅವ್ವನ ತಂಗಿ, ನನ್ನ ಮೌಶಿ ಸತ್ಯಭಾಮಾಬಾಯಿ ರಾಯಚೂರಿನ ನಮ್ಮ ಮನೆಯಲ್ಲಿ ಚಹಾ ಸೋಸುತ್ತಿದ್ದಳು. ಕಳವು, ಮೋಸ ಎಂದರೆ ಸುತ್ತಲಿನ ಜನ ಪೊಲೀಸರಿಗಿಂತ ಮೊದಲು ನೆನೆಯುವುದು ಅವಳನ್ನೇ. ಚಹಾ ಬಿಟ್ಟು ಎದ್ದಳೆಂದರೆ ವಿಷಯ ದೊಡ್ಡದೇ ಇರಬೇಕು. ಕಾರು ಓಡಿಸುವ ಕೆಲಸ ಎಂದಿನಂತೆ ನನ್ನದು, ಅಂದರೆ ಪೂರ್ಣಶ್ರೀಯದು.

ಗಬ್ಬೂರಿನ ಸಮುದಾಯ ಭವನದ ನೆಲದ ತುಂಬ ದೇವದುರ್ಗ, ಮಾನ್ವಿ ತಾಲೂಕುಗಳ ನಕ್ಷೆಯನ್ನು ರಂಗೋಲಿಯಲ್ಲಿ ಬಿಡಿಸಿದ್ದರು. ರಾಜ್ಯದ ಹಳ್ಳಿಹಳ್ಳಿಗೂ ವೇಗದ ಇಂಟರ್ನೆಟ್ ಒಯ್ಯುವ ಯೋಜನೆಗೆ ಜನರ ಮಾತು ಕೇಳುವ ಸಭೆ ಅದು. ಹಿಂದಿನ ದಿನ ಹಳ್ಳಿಯವರು ಬಂದು, ನೆಟ್ ಸಿಗುವ ಮನೆಯವರು ತಮ್ಮ ಊರಿನ ಜಾಗದಲ್ಲಿ ಹುಣಸೆ ಬೀಜ, ಸಿಗದವರು ಚಿಟಿಕೆ ಜೋಳ ಇಟ್ಟು ಹೋಗಿದ್ದರು. ಮಸರಕಲ್, ಬಾಗಲವಾಡದ ಕಡೆ ಬರೀ ಜೋಳವೇ ಇತ್ತಂತೆ. ಈಗ ಇಡೀ ನಕ್ಷೆಯಲ್ಲಿ ಒಂದು ಕಾಳೂ ಇರಲಿಲ್ಲ. ಹುಣಸೆ ಬೀಜಗಳು ಮಾತ್ರ ಇದ್ದಲ್ಲೇ ಇದ್ದವು.

"ಮೊದಲನೇ ಹಂತದ ಊರುಗಳ ಹೆಸರು ಇವತ್ತ ಕಳಸ್ಬೇಕ್ರಿ," ಎಂದರು ಯೋಜನೆಯ ಎಂಜಿನಿಯರ್ ಗುರುರಾಜ. "ಈ ನಕ್ಷಾ ನೋಡಿದ್ರ ಮಸರಕಲ್ಲಿಗೆ ಏನೂ ಬ್ಯಾಡ ಅಂದಂಗ ಅದ. ಸಂಜೀವ ಸರ್ ಒಬ್ರೇ ತಿರುಗಿ ಇಟ್ರ ಯಾರು ನಂಬ್ತಾರ?"

"ನಮ್ಮ ಹುಡುಗ್ರು ಪರೀಕ್ಷಾದ ಅರ್ಜಿ ಹಾಕಾಕ ಗುಡ್ಡಾ ಹತ್ತಾಕತ್ತಾರ್ರೀ," ಎಂದ ಸಂಜೀವ.

ಹೊರಗೆ ಕೇಬಲ್ ವ್ಯಾಪಾರದ ನಾಗೇಶ ಆರಾಮಾಗಿ ನಗುತ್ತ ನಿಂತಿದ್ದ. ಇಂಟರ್ನೆಟ್ಟಿನ ಹೊಸ ತಂತಿ ಬಂದರೆ ಅವನ ಅನ್ನಕ್ಕೇ ಕಲ್ಲು. "ಇವನದೇ ಕೆಲಸ," ಎಂದು ಮೌಶಿಯ ಕಿವಿಯಲ್ಲಿ ಉಸುರಿದೆ.

"ಕೂಸು ಹುಟ್ಟೋಕಿಂತ ಮೊದ್ಲ ಕುಲಾವಿ ಹೊಲೀಬ್ಯಾಡ," ಎಂದು ನನ್ನ ಬಾಯಿ ಮುಚ್ಚಿಸಿದಳು.

ಕಾವಲುಗಾರ ಕುತುಬುದ್ದೀನ್ ಬೆಳಿಗ್ಗೆ ಬೀಗ ತೆಗೆದು ಚಹಾಕ್ಕೆ ಹೋಗಿದ್ದರಂತೆ. ಅಷ್ಟರಲ್ಲಿ ಯಾರು ಬೇಕಾದರೂ ಒಳಗೆ ಬಂದಿರಬಹುದು. ಬಾಗಿಲ ಹೊರಗೆ ಮಸರಕಲ್ಲಿನ ತಿಮ್ಮವ್ವಜ್ಜಿ ಎರಡೂ ಕೈಯಿಂದ ಸೀರೆಯ ಉಡಿ ಹಿಡಿದು ಕುಳಿತಿದ್ದಳು. ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ ಮೌಶಿ ಒಬ್ಬಳೇ ನಕ್ಷೆಯ ಸುತ್ತ ನಡೆದಳು. ರಂಗೋಲಿಯ ಒಂದು ಗೆರೆಯೂ ಅಳಿಸಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಗುಬ್ಬಿಗಳು ಜೋಳ ಕುಕ್ಕುತ್ತಿದ್ದವು. ಅಲ್ಲಿಂದ ಕೆಲವು ಕಾಳು ತೆಗೆದು ಹೊಸ್ತಿಲ ಬಳಿ ಚೆಲ್ಲಿ, ಹೊರಗಿದ್ದ ನಮ್ಮನ್ನೆಲ್ಲ ಒಳಗೆ ಕರೆದಳು.

ನಾಗೇಶ ಕಾಳು ತುಳಿದೇ ಬಂದ. ನಾಚಿಕೆಯಾಗುತ್ತದೆ, ನಾನೂ ತುಳಿದೆ. ತಿಮ್ಮವ್ವಜ್ಜಿ ಮಾತ್ರ ಬಗ್ಗಿ ಆಯ್ದು ಕಣ್ಣಿಗೊತ್ತಿಕೊಂಡಳು.

"ಮೋಸ ಮಾಡಾವ ಇದ್ರ ಜೋಳಾ ಬ್ಯಾರೆ ಊರಿಗೆ ಸರಸ್ತಿದ್ದ, ಹುಣಸಿ ಬೀಜಾನೂ ಕೆಡಸ್ತಿದ್ದ," ಎಂದಳು ಮೌಶಿ ಎಲ್ಲರೂ ಕೇಳುವಂತೆ. "ಇಲ್ಲಿ ಉಣ್ಣೋದಷ್ಟೇ ಹೋಗ್ಯದ. ಒಂದು ಗೆರಿನೂ ಕೆಟ್ಟಿಲ್ಲ ಅಂದ್ರ ಬಂದವರು ನೆಲಾ ನೋಡಿ ಕಾಲಿಟ್ಟಾರ. ಗುಬ್ಬಿಗೂ ಪಾಲು ಕೊಟ್ಟಾರ. ಇದು ಕಳ್ಳರ ಕೆಲಸ ಅಲ್ಲ, ಕಾಳಿಗೆ ಕೈ ಮುಗಿಯೋರ ಕೆಲಸ. ಅವರು ಯಾರು ಅಂತ ಹೊಸ್ತಿಲದಾಗ ಕಂಡೆ. ಯವ್ವಾ, ಉಡ್ಯಾಗ ಏನದ?"

ಅಜ್ಜಿ ಉಡಿ ಬಿಚ್ಚಿದಳು. ತುಂಬ ಜೋಳ.

"ಅನ್ನ ತುಳೀಬಾರದಂತ ಆಯ್ಕೊಂಡೆನ್ರೀ. ನಿನ್ನಿ ನಾ ಹೊಲದಾಗಿದ್ದೆ, ಇದು ನಕ್ಷಾ ಅಂತ ಗೊತ್ತಿಲ್ಲ." ಅವಳು ಸಂಜೀವನ ಕಡೆ ತಿರುಗಿದಳು. "ನಮ್ಮ ಊರ ನಾನೇ ಬಳದು ಉಡ್ಯಾಗ ಹಾಕ್ಕೊಂಡ್ನೇನೋ ಯಪ್ಪಾ?"

"ಇರ್ಲಿ ಬಿಡ್ರಿ. ಸುದ್ದಿ ಕೇಳಿ ಇಟ್ಟವರೆಲ್ಲ ಈಗ ಹೊರಗ ಬಂದು ನಿಂತಾರ, ಮತ್ತ ಇಡಸೋಣು," ಎಂದರು ಗುರುರಾಜ.

"ಮತ್ತ ನೆಲಕ್ಕ ಅನ್ನಾನ?" ಎಂದಳು ಅಜ್ಜಿ.

"ಬ್ಯಾಡ," ಎಂದಳು ಮೌಶಿ. "ನೆಟ್ ಸಿಗದ ಮನಿಯೋರು ಮನಿಗೊಬ್ರು ಬಂದು, ಜೋಳದ ಬದ್ಲಿ ನಿಮ್ಮ ಮನಿ ಇರೋ ಜಾಗದಾಗ ನೀವೇ ನಿಂದರ್ರಿ."

ಚಪ್ಪಲಿ ಬಿಟ್ಟು ಜನ ಒಳಬಂದರು. ಮಸರಕಲ್ಲಿನ ಜಾಗದಲ್ಲಿ ಹೆಗಲಿಗೆ ಹೆಗಲು ತಾಗಿತು. ಬಾಗಲವಾಡದವರು ಗೋಡೆಯ ತನಕ ನಿಂತರು. ನಿನ್ನೆ ಚಿಟಿಕೆಯಷ್ಟಿದ್ದ ಜೋಳ ಈಗ ಮುಖ ಎತ್ತಿ ನಮ್ಮನ್ನು ನೋಡುತ್ತಿತ್ತು. ನಾಗೇಶನ ನಗು ನಿಂತಿತ್ತು.

ತಿಮ್ಮವ್ವಜ್ಜಿ ಗೆರೆ ದಾಟಿ ದಾಟಿ ಹೋಗಿ, ಎಲ್ಲರಿಂದ ದೂರ, ನಕ್ಷೆಯ ಅಂಚಿನಲ್ಲಿ ಒಬ್ಬಳೇ ನಿಂತಳು. ಗುರುರಾಜ ಬೂಟು ಬಿಚ್ಚಿ ಅವಳ ತನಕ ನಡೆದರು.

"ಯವ್ವಾ, ನಿಮ್ಮ ಆಚಿ ಕಡೆ ಇನ್ನ ಯಾರಾರ ಅದಾರೇನ್ರಿ?"

"ಇಲ್ರೀ. ಊರ ಹೊರಗ, ಹೊಲದಾಗ, ನಂದ ಕಡೀ ಮನಿ."

"ಹಂಗಾದ್ರ ಮೊದಲನೇ ಹಂತದಾಗ ತಂತಿ ಇಲ್ಲೀತನಕ ಬರಬೇಕು ಅಂತ ಬರೀತೀನಿ."