ಹಗ್ಗ ಬಿಟ್ಟವಳು

"ಬಿಡ್ರೋ!"

ಭಾನುಪ್ರಿಯಾ ಕೂಗಿದ್ದೇ ತಡ, ಹಳದಿ ತಂಡದವರೆಲ್ಲ ಒಟ್ಟಿಗೆ ಹಗ್ಗ ಬಿಟ್ಟರು. ಆ ತುದಿಯಲ್ಲಿ ಜೀವ ಬಿಟ್ಟು ಎಳೆಯುತ್ತಿದ್ದ ಕೆಂಪು ತಂಡ ಹಿಂದಕ್ಕೆ ಧಡಾರನೆ ಬಿತ್ತು. ಎಲ್ಲರಿಗಿಂತ ಕೆಳಗೆ ಸಿಕ್ಕಿಕೊಂಡವನು ರವೀಶ್!

ಇವಳು ಶಿಳ್ಳೆ ಹೊಡೆದಳು. ಕುಣಿದಳು!

ಅವನು ಮಣಿಕಟ್ಟು ಹಿಡಿದುಕೊಂಡು ಮುಖ ಎತ್ತಿದಾಗ ಶಿಳ್ಳೆ ಬಾಯಲ್ಲೇ ನಿಂತಿತು.

'ಅಯ್ಯೋ... ನಾನಾ? ಇದನ್ನ ಮಾಡಿದ್ದು ನಾನಾ?'

ಹೋದ ವಾರದವರೆಗೂ ಇಬ್ಬರೂ ತುಮಕೂರಿನ ಎಂ.ಎ. ಕ್ಲಾಸಿನಲ್ಲಿ ಅಕ್ಕಪಕ್ಕ ಕೂರುವವರು. ಸಂಜೆ ಇವಳ ಗುಬ್ಬಿ ಬಸ್ಸು ಹೊರಡುವ ತನಕ ಅವನು ಕುಣಿಗಲ್ ಬಸ್ಸು ಹತ್ತುತ್ತಿರಲಿಲ್ಲ. ಪ್ರೀತಿ ಅಂತ ಯಾರೂ ಬಾಯಿಬಿಟ್ಟಿರಲಿಲ್ಲ, ಅಷ್ಟೇ.

ಕ್ರೀಡಾಕೂಟಕ್ಕೆಂದು ಮೇಡಂ ಕೈಗೆ ಸಿಕ್ಕಂತೆ ಕೆಂಪು, ಹಳದಿ ರಿಬ್ಬನ್ ಹಂಚಿದರು ನೋಡಿ... ಬೆಂಚು ಬೇರೆಯಾಯಿತು, ಟೀ ಅಂಗಡಿಯೂ ಬೇರೆಯಾಯಿತು! ಮೊದಲ ಸುತ್ತು ಗೆದ್ದಿದ್ದೇವೆ, ಈ ಸುತ್ತು ಹೋದರೂ ಸರಿ, ಬಿದ್ದವರು ಕೊನೇ ಸುತ್ತಿಗೆ ಏಳಬಾರದು ಅಂತ ಉಪಾಯ ಹೇಳಿದವಳು ಇವಳೇ. ಆಹಾ, ಎಂಥ ಬುದ್ಧಿ!

ಕೆಂಪು ತಂಡದ ಶಾಮಿಯಾನದತ್ತ ಓಡಹೊರಟವಳ ರಟ್ಟೆಯನ್ನು ಗೆಳತಿ ಪಲ್ಲವಿ ಹಿಡಿದಳು.

"ಎಲ್ಲಿಗೇ? ಇನ್ನೊಂದು ಸುತ್ತು ಐತೆ!"

"ಬಿಡೇ! ಅವ್ನ ಕೈ ಮುರ್ದಿದ್ರೆ?"

"ಮುರೀಲಿ ಬುಡು, ಅವ್ನು ಕೆಂಪಿನವ್ನು ಕಣೇ!"

ಭಾನುಪ್ರಿಯಾ ಗೆಳತಿಯ ಮುಖವನ್ನೇ ನೋಡಿದಳು. ನಿನ್ನೆ ತಾನೂ ಹೀಗೇ ಮಾತಾಡಿದ್ದಳಲ್ಲ! ಕೈ ಕೊಸರಿಕೊಂಡು ಓಡಿದಳು.

ರವೀಶ್ ಊದಿದ ಕೈಗೆ ಐಸ್ ಒತ್ತಿಕೊಂಡು ಕೂತಿದ್ದ.

"ಅದು ನಂದೇ ಪ್ಲಾನು. ನಿಂಗೆ ಏಟಾಗ್ಲಿ ಅಂತಾನೇ ಕೂಗ್ದೆ... ಇನ್ಮೇಲೆ ನನ್ನ ಮಾತಾಡಿಸ್ಬೇಡ. ಆದ್ರೆ ನಂಗೆ ನೀನಂದ್ರೆ ಪ್ರಾಣ ಕಣೋ!"

ಅವನು ಬೈಯಲಿಲ್ಲ. ತಲೆ ತಗ್ಗಿಸಿದ.

"ಭಾನು... ನಾವೂ ಬಿಡೋಣ ಅಂತಿದ್ವಿ, ಸೋತ್ರೂ ಸರಿ ನಿಮ್ಮವ್ರು ಬೀಳ್ಲಿ ಅಂತ. ನಾನೇ ಹೇಳಿದ್ದು. ನಾನು ಬಾಯಿ ತೆಗೆಯೋ ಅಷ್ಟ್ರಲ್ಲಿ ನೀನು ಕೂಗ್ದೆ."

"ಏನಂದೆ?! ಈ ಕಡೆ ನಾನಿದ್ದೀನಿ ಅಂತ ಗೊತ್ತಿದ್ದೂ?"

"ಗೊತ್ತಿತ್ತು."

ಅವಳು ಕುಸಿದು ಅವನ ಪಕ್ಕದಲ್ಲೇ ಕೂತಳು. ಯಾರ ಮೇಲೆ ಸಿಟ್ಟಾಗುವುದು?

"ನನ್ನ ಕಂಡ್ರೆ ಭಯ ಆಗಲ್ವೇನೋ?"

"ಆಯ್ತದೆ. ನಿಂಗೆ?"

"ನಂಗೂ..."

ಊದಿದ ಆ ಕೈಯನ್ನು ಮೆಲ್ಲಗೆ ತನ್ನ ಮಡಿಲಿಗೆ ಎತ್ತಿಕೊಂಡಳು. ಅವನು ಬೇಡ ಅನ್ನಲಿಲ್ಲ. ಮೈದಾನದಲ್ಲಿ ಕೊನೇ ಸುತ್ತಿನ ವಿಷಲ್ ಕೇಳಿಸಿತು.

"ನಿಮ್ಮವ್ರು ಕರೀತಾವ್ರೆ. ಹೋಗಲ್ವಾ?"

"ಹೋಗಲ್ಲ. ಇಲ್ಲೇ ಕೂತಿದ್ರೆ ಇಬ್ರೂ ಒಸಿ ಒಳ್ಳೇವ್ರಾಗಿರ್ತೀವಿ."

"ಹಂಗಾದ್ರೆ ಯಾವಾಗ್ಲೂ ಇಲ್ಲೇ ಕೂತಿರು ಕಣೇ..."