ಕುಮರೇಶನ್ ಕೈಯಲ್ಲಿದ್ದ ಗಡಿಯಾರ

೨೦೨೬ರ ಫೆಬ್ರವರಿ ೧೭, ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಕೊಯಮತ್ತೂರಿನ ಗಾಂಧಿಪುರಂ ಭಾಗದ ಠಾಣೆಗೆ ತಂಗವೇಲು ಎಂಬುವವರು ಬಂದು ಲಿಖಿತ ದೂರು ಕೊಟ್ಟರು. ಕ್ರಾಸ್‌ಕಟ್ ರೋಡಿನ ‘ಶಿಖರಂ’ ಎಂಬ ಕೈಗಡಿಯಾರದ ಅಂಗಡಿಗೆ ಅವರು ಮ್ಯಾನೇಜರ್. ಹಿಂದಿನ ದಿನ ಸಂಜೆ ಅಂಗಡಿಯ ನಡುವಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದು ಸ್ವಿಸ್ ಗಡಿಯಾರ ಕಳುವಾಗಿತ್ತು.

ಇನ್‌ಸ್ಪೆಕ್ಟರ್ ಚೆನ್ನಕೇಶವನ್ ದೂರನ್ನು ಎರಡು ಸಲ ಓದಿದರು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಅವರಿಗೆ ಬೈಕ್ ಕಳ್ಳತನ, ಸರ ಕೀಳುವುದು, ಬಸ್ ಸ್ಟ್ಯಾಂಡಿನ ಜೇಬುಗಳ್ಳತನ ಎಲ್ಲವೂ ಅಭ್ಯಾಸವಾಗಿದ್ದವು. ಹಿಮಪರ್ವತ ಹತ್ತುವವರಿಗೆ, ಸಮುದ್ರದ ತಳಕ್ಕೆ ಇಳಿಯುವವರಿಗೆ ಎಂದೇ ಮಾಡಿದ ಗಡಿಯಾರ ಮಾತ್ರ ಹೊಸದು.

"ಬೆಲೆ?" ಎಂದು ಕೇಳಿದರು.

"ಅದು ಮಾರೋದಲ್ಲ ಸಾರ್. ನಮ್ಮ ಮುದಲಾಳಿ, ಅಂಗಡಿ ಮಾಲೀಕರು, ಹಿಮಾಲಯದಲ್ಲಿ ಕಟ್ಟಿದ್ದು."

"ಎಫ್‌ಐಆರ್‌ಗೆ ಬೆಲೆ ಬೇಕು."

"ಒಂದು ಒಳ್ಳೇ ಕಾರು ಬರುತ್ತೆ ಸಾರ್."

ಭಾರತೀಯ ನ್ಯಾಯ ಸಂಹಿತೆಯ ೩೦೫ನೇ ಕಲಮಿನಡಿ ಪ್ರಕರಣ ದಾಖಲಾಯಿತು. ಗಡಿಯಾರದ ಹಿಂಬದಿಯಲ್ಲಿ ಕೊರೆದಿರುವ ಸಂಖ್ಯೆಯನ್ನೂ ತಂಗವೇಲು ಅಂಗಡಿಯ ಕಂಪ್ಯೂಟರ್ ನೋಡಿ ಬರೆಸಿದರು. ಅರ್ಧ ಗಂಟೆಯಲ್ಲಿ ಚೆನ್ನಕೇಶವನ್, ಹೆಡ್ ಕಾನ್‌ಸ್ಟೆಬಲ್ ರಂಗಸಾಮಿ ಮತ್ತು ಮಹಿಳಾ ಕಾನ್‌ಸ್ಟೆಬಲ್ ತೆನ್ಮೊಳಿ ಅಂಗಡಿಯಲ್ಲಿದ್ದರು.

ಅಲ್ಲಿ ಗೋಡೆಯ ತುಂಬ ಬೆಟ್ಟ, ಮರಳುಗಾಡು, ಕಡಲು. ನಡುವಿನ ಖಾಲಿ ಪೆಟ್ಟಿಗೆಯ ಕೆಳಗೆ ತಮಿಳಿನಲ್ಲಿ ಒಂದು ಸಾಲು: ಮೈನಸ್ ಮೂವತ್ತು ಡಿಗ್ರಿಯಲ್ಲೂ ನಿಲ್ಲದೆ ನನ್ನನ್ನು ಮನೆಗೆ ಕರೆತಂದ ಗಡಿಯಾರ. ಪಕ್ಕದಲ್ಲೇ ಹಿಮದ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಂತ ಇಬ್ಬರ ದೊಡ್ಡ ಫೋಟೋ. ಒಬ್ಬರು ಮಾಲೀಕ ಸೆಲ್ವಕುಮಾರ್; ಇನ್ನೊಬ್ಬ ಅವರ ಸ್ನೇಹಿತ ಕುಮರೇಶನ್, ಅದೇ ಬೆಟ್ಟದಲ್ಲಿ ಕಾಣೆಯಾದವನು ಎಂದು ತಂಗವೇಲು ತಗ್ಗಿದ ದನಿಯಲ್ಲಿ ತಿಳಿಸಿದರು.

ಪಂಚನಾಮೆ ನಡೆಯುತ್ತಿದ್ದಾಗ ಗಡಿಯಾರ ತೆಗೆದು ತೋರಿಸಿದ್ದ ನಿವೇತಾ ಎಂಬ ಹುಡುಗಿಯನ್ನು ತೆನ್ಮೊಳಿ ವಿಚಾರಿಸಿದಳು. ಬಂದ ಹೆಂಗಸು ಬಹಳ ಹೊತ್ತು ಪೆಟ್ಟಿಗೆಯ ಮುಂದೆ ನಿಂತಿದ್ದಳಂತೆ. ಒಂದು ನಿಮಿಷ ಕೈಯಲ್ಲಿ ಹಿಡಿದು ಕೊಡುತ್ತೇನೆ ಎಂದು ಬೇಡಿಕೊಂಡಳಂತೆ. ಕೊಡಬಾರದಿತ್ತು ಎಂದು ನಿವೇತಾ ಈಗ ಅಳುತ್ತಿದ್ದಳು. "ಆಕೆ ಅದನ್ನ ಕಿವಿಗೆ ಇಟ್ಕೊಂಡ್ರು ಮೇಡಂ. ಆಮೇಲೆ ಗಾಜಿನ ಮೇಲೆ ಉಸಿರು ಬಿಟ್ಟು ಸೆರಗಲ್ಲಿ ಒರೆಸಿದ್ರು. ನಾನು ಆ ಕಡೆ ತಿರುಗಿ ಈ ಕಡೆ ನೋಡೋಷ್ಟರಲ್ಲಿ ಇರಲಿಲ್ಲ."

ಸಿಸಿಟಿವಿಯಲ್ಲಿ ಅಷ್ಟೂ ಇತ್ತು. ಮೂವತ್ತರ ಆಸುಪಾಸಿನ ಹೆಂಗಸು, ನೂಲಿನ ಸೀರೆ, ಕೊರಳಲ್ಲಿ ಹಳದಿ ಪಟ್ಟಿಯ ಗುರುತಿನ ಚೀಟಿ. ಆಕೆ ಓಡಲಿಲ್ಲ. ಮಲಗಿದ ಮಗುವನ್ನು ಎತ್ತಿಕೊಂಡವಳ ಹಾಗೆ, ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ನಡೆದು ಹೋದಳು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಕಳ್ಳರು ಹಾಗೆ ನಡೆಯುವುದನ್ನು ಚೆನ್ನಕೇಶವನ್ ಕಂಡಿರಲಿಲ್ಲ.

ಅಷ್ಟರಲ್ಲಿ ಸೆಲ್ವಕುಮಾರ್ ಬಂದರು. ನಲವತ್ತರ ಮನುಷ್ಯ, ಬಲಗೈಯ ಎರಡು ಬೆರಳುಗಳ ತುದಿ ಹಿಮಕ್ಕೆ ಸುಟ್ಟು ಹೋಗಿದ್ದವು. ಕಳುವಿನ ಸುದ್ದಿ ಕೇಳಿ ಸಿಟ್ಟಾದದ್ದು ಮ್ಯಾನೇಜರ್ ಮೇಲೆ. ತನ್ನನ್ನು ಕೇಳದೆ ಪೊಲೀಸರ ಬಳಿ ಹೋದದ್ದೇಕೆ ಎಂದು. ದೃಶ್ಯ ತೋರಿಸಿದಾಗ ಪರದೆಯನ್ನು ಒಂದು ಗಳಿಗೆ ನೋಡಿ ಕುರ್ಚಿ ಹುಡುಕಿ ಕೂತರು. ಆ ಹೆಂಗಸು ಯಾರೆಂದು ಗೊತ್ತಿಲ್ಲ ಎಂದರು. ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು. ಎಫ್‌ಐಆರ್ ಆದ ಮೇಲೆ ಅದು ನಮ್ಮ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ ಎಂದು ಚೆನ್ನಕೇಶವನ್ ಹೇಳಿದರು. ಜೀವ ಉಳಿಸಿದ ವಸ್ತು ಕಳೆದುಕೊಂಡವನು ಕಳ್ಳಿಯ ಮುಖವನ್ನು ಇನ್ನೊಂದು ಸಲ ನೋಡಲು ಕೇಳಲಿಲ್ಲ ಎಂಬುದು ಅವರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ದಾರಿಯುದ್ದದ ಕ್ಯಾಮೆರಾಗಳು ಹೆಂಗಸನ್ನು ಬಸ್ ಸ್ಟ್ಯಾಂಡಿಗೆ ಮುಟ್ಟಿಸಿದವು. ಆಕೆ ತಿರುಪ್ಪೂರು ಬಸ್ಸು ಹತ್ತಿದ್ದಳು. ಹಳದಿ ಪಟ್ಟಿ ಬನಿಯನ್ ಕಂಪನಿಯದೇ ಇರಬೇಕೆಂದು ತೆನ್ಮೊಳಿ ಮೊದಲೇ ಹೇಳಿದ್ದಳು; ಅವಳ ಅಕ್ಕನೂ ಅಂಥದ್ದೊಂದರಲ್ಲಿ ಹೊಲಿಯುತ್ತಿದ್ದಳು. ಫೋಟೋ ಹಿಡಿದು ಮೂರು ಕಂಪನಿ ಸುತ್ತಿದ ಮೇಲೆ ನಾಲ್ಕನೆಯದರ ಮೇಸ್ತ್ರಿ ಗುರುತಿಸಿದ. ಹೆಸರು ಗೋಕಿಲಾ, ಟೈಲರ್. ಮಡತ್ತುಕುಳಂನಿಂದ ಕಂಪನಿ ವ್ಯಾನಿನಲ್ಲಿ ಬಂದು ಹೋಗುವವಳು. ಎರಡು ದಿನದಿಂದ ಬಂದಿಲ್ಲ. ಗಂಡ? "ಬೆಟ್ಟ ಹತ್ತಕ್ಕೆ ಹೋಗಿ ಕಾಣೆಯಾದ್ರಲ್ಲ, ಕುಮರೇಶನ್ ಅಂತ. ಅವರ ಹೆಂಡ್ತಿ," ಎಂದ ಮೇಸ್ತ್ರಿ.

ಜೀಪು ಹತ್ತುವಾಗ ಚೆನ್ನಕೇಶವನ್ ಸೆಲ್ವಕುಮಾರ್ ಮಾತನ್ನು ನೆನೆದರು. ಅಂಗಡಿಯ ಗೋಡೆಯ ಮೇಲೆ ಗಂಡನ ಫೋಟೋ ಹಾಕಿರುವ ಮನುಷ್ಯ ಹೆಂಡತಿಯ ಗುರುತಿಲ್ಲ ಎಂದಿದ್ದ.

ಬುಧವಾರ ಮಧ್ಯಾಹ್ನ ಮಡತ್ತುಕುಳಂನ ನೇಕಾರರ ಬೀದಿಯಲ್ಲಿ ಜೀಪು ನಿಂತಾಗ ಗೋಕಿಲಾ ಬಾಗಿಲಲ್ಲೇ ಇದ್ದಳು. ಕಾಯುತ್ತಿದ್ದವಳಂತೆ ಕಂಡಳು. ಒಳಗೆ ಮಗ್ಗದ ಪಕ್ಕ ಚಾಪೆಯ ಮೇಲೆ ಒಬ್ಬ ಮುದುಕಿ ಮಲಗಿದ್ದಳು, ಕುಮರೇಶನ್ ತಾಯಿ ಪಂಕಜಂ.

"ಅತ್ತೆ, ಪೊಲೀಸ್ನೋರು ಬಂದವ್ರೆ. ನೀವು ಏಳ್ಬ್ಯಾಡಿ," ಎಂದು ಗೋಕಿಲಾ ಒಳಗೆ ತಿರುಗಿ ಹೇಳಿದಳು. ಕನ್ನಡದಲ್ಲಿ.

ಚೆನ್ನಕೇಶವನ್ ಮನೆಯಲ್ಲೂ ಅದೇ ಕನ್ನಡ. ಅಮ್ಮ ಸತ್ತ ಮೇಲೆ ಅದನ್ನಾಡಲು ಮನೆಯಲ್ಲಿ ಹೆಚ್ಚು ಜನ ಉಳಿದಿರಲಿಲ್ಲ. "ಎದುರ್ಕೋಬ್ಯಾಡಮ್ಮ. ವಾಚು ಎಲ್ಲಿ?" ಎಂದು ಅವರು ಅದರಲ್ಲೇ ಕೇಳಿದರು. ಆಕೆ ಬೆಚ್ಚಿ ನೋಡಿದಳು. ಆಮೇಲೆ ಸೀರೆಯ ಸೆರಗು ಸರಿಸಿದಳು. ಗಡಿಯಾರ ಮೊಳಕೈಯವರೆಗೆ ಜಾರಿ ಅವಳ ತೋಳಿನಲ್ಲೇ ಇತ್ತು.

ಮಹಜರಿನ ಸಾಕ್ಷಿಗಳು ಬರುವವರೆಗೆ ಅವಳು ಹೇಳಿದ್ದಿಷ್ಟು. ಕುಮರೇಶನ್ ಮತ್ತು ಸೆಲ್ವಕುಮಾರ್ ಒಂದೇ ಬೀದಿಯ ಹುಡುಗರು, ಒಂದೇ ಬೆಂಚಿನಲ್ಲಿ ಓದಿದವರು. ಸೆಲ್ವಕುಮಾರ್ ತಂದೆ ಮಗ್ಗ ಮಾರಿ ಜವಳಿ ವ್ಯಾಪಾರಕ್ಕಿಳಿದು ಕೊಯಮತ್ತೂರು ಸೇರಿದರು. ಕುಮರೇಶನ್ ಕಾಲೇಜು ಮಕ್ಕಳಿಗೆ ಬಂಡೆ ಹತ್ತುವುದನ್ನು ಕಲಿಸುತ್ತಿದ್ದ. ಹಣ ಸೆಲ್ವಕುಮಾರ್‌ದು, ಕಾಲು ಕುಮರೇಶನ್‌ದು ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ಉತ್ತರಾಖಂಡದ ಶಿಖರಕ್ಕೆ ಹೊರಡುವ ಮುಂಚೆ ಸೆಲ್ವಕುಮಾರ್ ಒಂದೇ ತರಹದ ಎರಡು ಗಡಿಯಾರ ತರಿಸಿ ಒಂದನ್ನು ಸ್ನೇಹಿತನ ಕೈಗೆ ತಾನೇ ಕಟ್ಟಿದ್ದ. ಅದು ೨೦೨೪ರ ಆಗಸ್ಟ್. ಮುಂದಿನ ತಿಂಗಳು ಸೆಲ್ವಕುಮಾರ್ ಒಬ್ಬನೇ ಹಿಂದಿರುಗಿದ. ಮೇಲಿನ ಕ್ಯಾಂಪಿನಿಂದ ಹೊರಟ ಮೇಲೆ ಬಿರುಗಾಳಿ ಎದ್ದು ಇಬ್ಬರೂ ಬೇರೆಯಾದರೆಂದೂ, ಆಮೇಲೆ ತಾನು ಅವನನ್ನು ಕಾಣಲೇ ಇಲ್ಲವೆಂದೂ ಅಲ್ಲಿನ ಪೊಲೀಸರಿಗೆ ಹೇಳಿಕೆ ಕೊಟ್ಟ. ಇದೇ ಮನೆಯ ಹೊಸ್ತಿಲಲ್ಲಿ ಕೂತು ಅದನ್ನೇ ಹೇಳಿ ಅತ್ತ.

ಹೋದ ವಾರ ಕಂಪನಿಯಲ್ಲಿ ಯಾರದೋ ಫೋನಿನಲ್ಲಿ ‘ಶಿಖರಂ’ ಅಂಗಡಿಯ ವಿಡಿಯೋ ಬಂತು. ಗಡಿಯಾರವನ್ನು ಪರದೆ ತುಂಬ ತೋರಿಸಿದರು.

"ಈ ಗೀಟು ನೋಡಿ ಸಾರ್," ಎಂದು ಗೋಕಿಲಾ ಗಡಿಯಾರದ ಅಂಚಿನ ಒಂದು ಕಚ್ಚನ್ನು ಉಗುರಿನಿಂದ ತೋರಿಸಿದಳು. "ವಾಚು ತಂದ ದಿನಾನೇ ನಮ್ಮೋರು ಅತ್ತೆಯ ಮಗ್ಗ ರಿಪೇರಿ ಮಾಡ್ತಾ ಇರುಂಬು ಕಂಬಿಗೆ ತಾಕಿಸ್ಕೊಂಡ್ರು. ನಾ ಬೈದೆ. ಇದು ಅವರ್ದು ಅಂತ ತೆರಿಂಜ ಅಪ್ಪುರ, ಗೊತ್ತಾದ್ಮೇಲೆ, ಅಲ್ಲಿ ಬಿಟ್ಟು ಬರಕ್ಕೆ ಕೈ ಬರ್ಲಿಲ್ಲ."

"ಕಂಪ್ಲೇಂಟ್ ಕೊಡ್ಬೋದಿತ್ತಲ್ಲಮ್ಮ."

"ಏನಂತ ಕೊಡ್ಲಿ? ಡೆತ್ ಸರ್ಟಿಫಿಕೇಟ್ ಕೇಳಕ್ಕೆ ಹೋದ್ರೆ ಸತ್ತದ್ದು ಯಾರೂ ನೋಡಿಲ್ಲ, ಏಳು ವರ್ಷ ಕಾಯಿ ಅಂದ್ರು. ಕುಂಕುಮ ಇಟ್ರೆ ಒಬ್ರು ನಗ್ತಾರೆ, ಅಳಿಸಿದ್ರೆ ಅತ್ತೆ ಅಳ್ತಾರೆ. ನಂಗೆ ವಾಚು ಬ್ಯಾಡ ಸಾರ್. ಆ ಸೆಲ್ವಕುಮಾರ್ ಅಣ್ಣನ್ನ ಒಂದೇ ಒಂದು ಕೇಳಿ. ನಮ್ಮೋರು ಇದಾರಾ, ಇಲ್ವಾ?"

ಅವಳ ಕನ್ನಡವನ್ನು ಚೆನ್ನಕೇಶವನ್ ತಮಿಳಿಗೆ ತಿರುಗಿಸಿ ಹೇಳುತ್ತ ಹೋದರು, ರಂಗಸಾಮಿ ಹೇಳಿಕೆ ಬರೆದುಕೊಂಡ. ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಮೊಹರು ಮಾಡುವ ಮುಂಚೆ ತೆನ್ಮೊಳಿ ಹಿಂಬದಿಯ ಸಂಖ್ಯೆ ಓದಿದಳು. ದೂರಿನಲ್ಲಿದ್ದ ಸಂಖ್ಯೆ ಅದಾಗಿರಲಿಲ್ಲ. ತಂಗವೇಲುವಿಗೆ ಫೋನ್ ಮಾಡಿದಾಗ ಆತ ಕಂಪ್ಯೂಟರಿನಲ್ಲಿ ಎರಡು ಸಲ ಹುಡುಕಿದ. ಆ ಸಂಖ್ಯೆ ಕುಮರೇಶನ್ ಹೆಸರಿನಲ್ಲಿತ್ತು.

ಗೋಕಿಲಾಳನ್ನು ಬಂಧಿಸಲಿಲ್ಲ. ಕರೆದಾಗ ಹಾಜರಾಗಬೇಕೆಂದು ನೋಟಿಸು ಕೊಟ್ಟು ಬಂದರು.

ಗುರುವಾರ ಬೆಳಿಗ್ಗೆ ಸೆಲ್ವಕುಮಾರ್ ವಕೀಲರ ಜೊತೆ ಠಾಣೆಗೆ ಬಂದರು. ವಕೀಲರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಒಬ್ಬರೇ ಒಳಗೆ ಬಂದರು. ಮೊದಲಿಗೆ ಎಲ್ಲ ತಮಿಳಿನಲ್ಲೇ ನಡೆಯಿತು. ಒಂದೇ ತರಹದ ಗಡಿಯಾರಗಳು, ಹೊರಡುವ ಮುಂಚೆ ಅದಲುಬದಲಾಗಿರಬೇಕು ಎಂದು ಅವರು ಹೇಳಿದರು. ಚೆನ್ನಕೇಶವನ್ ಅಂಗಡಿಯ ಗೋಡೆಯಿಂದ ತರಿಸಿದ ಫೋಟೋವನ್ನು ಮೇಜಿನ ಮೇಲಿಟ್ಟರು.

"ಇದು ಯಾವಾಗ ತೆಗೆದದ್ದು?"

"ಕೊನೇ ಕ್ಯಾಂಪಿನಲ್ಲಿ. ಹೊರಡೋ ಬೆಳಿಗ್ಗೆ."

"ಕುಮರೇಶನ್ ಕೈಯಲ್ಲಿ ಯಾವ ವಾಚಿದೆ?"

ಫೋಟೋದಲ್ಲಿ ಸ್ನೇಹಿತನ ಕೈಯಲ್ಲಿದ್ದ ಅದೇ ಸ್ವಿಸ್ ಗಡಿಯಾರದ ಮೇಲೆ ಸೆಲ್ವಕುಮಾರ್ ಬೆರಳಿಟ್ಟರು.

"ನಿಮ್ಮ ಕೈಯಲ್ಲಿ?"

"ಬ್ಯಾಟರಿದು. ಎತ್ತರ, ನಾಡಿ, ಎಲ್ಲ ತೋರಿಸೋದು. ನನ್ನ ಸ್ವಿಸ್ ವಾಚು ಮನೆ ಬೀರುವಿನಲ್ಲೇ ಇತ್ತು."

"ಹಾಗಾದ್ರೆ ಅವನ ಕೈಯಲ್ಲಿದ್ದದ್ದು ನಿಮ್ಮ ಅಂಗಡಿಗೆ ಹೇಗೆ ಬಂತು?"

ಸೆಲ್ವಕುಮಾರ್ ಫೋಟೋವನ್ನು ಬೋರಲು ಹಾಕಿದರು. ಚೆನ್ನಕೇಶವನ್ ಕನ್ನಡದಲ್ಲಿ ಇಷ್ಟೇ ಹೇಳಿದರು: "ಆ ಹುಡುಗಿ ಇನ್ನೂ ಕುಂಕುಮ ಇಡ್ಬೇಕಾ ಬ್ಯಾಡ್ವಾ ಅಂತ ಕೇಳ್ತಾ ಇದಾಳೆ."

ಆಮೇಲೆ ಸೆಲ್ವಕುಮಾರ್ ಹೇಳಿದ್ದೆಲ್ಲ ಕನ್ನಡದಲ್ಲಿ. ಬಾಲ್ಯದ ಬೀದಿಯ ಕನ್ನಡ, ಆಡದೆ ತುಕ್ಕು ಹಿಡಿದದ್ದು. ಬಿರುಗಾಳಿಯಲ್ಲಿ ಸ್ನೇಹಿತರಿಬ್ಬರೂ ಬೇರೆಯಾಗಿರಲಿಲ್ಲ. ಇಳಿಯುವಾಗ ಕುಮರೇಶನ್ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಒಂದು ಬಂಡೆಯ ಮರೆಯಲ್ಲಿ ಅವನನ್ನು ಒರಗಿಸಿ ಸೆಲ್ವಕುಮಾರ್ ರಾತ್ರಿಯಿಡೀ ಜೊತೆಗೆ ಕೂತಿದ್ದ. ಚಳಿಗೆ ಫೋನು, ವಾಕಿಟಾಕಿ, ಕೈಯಲ್ಲಿದ್ದ ಬ್ಯಾಟರಿ ಗಡಿಯಾರ ಎಲ್ಲ ಸತ್ತವು. ಮೋಡದೊಳಗೆ ಬೆಳಕು ಒಂದೇ ಸಮ ಬೂದಿ ಬಣ್ಣಕ್ಕಿತ್ತು. ಬೆಳಿಗ್ಗೆಯೋ ಮಧ್ಯಾಹ್ನವೋ ತಿಳಿಯದು. ಕತ್ತಲಾಗುವ ಮುಂಚೆ ಹಗ್ಗ ಕಟ್ಟಿದ ಜಾಗ ಮುಟ್ಟದಿದ್ದರೆ ಕೆಳಗೆ ಕಾಯುತ್ತಿದ್ದ ತಂಡದವರು ಕ್ಯಾಂಪು ಬಿಚ್ಚಿ ಇಳಿದುಬಿಡುತ್ತಾರೆ. ಓಡುತ್ತಿದ್ದದ್ದು ಕುಮರೇಶನ್ ಕೈಯ ಗಡಿಯಾರ ಒಂದೇ.

"ಮಾತು ನಿಂತೋಗಿತ್ತು ಸಾರ್. ಕಣ್ಣು ಬಿಟ್ಕೊಂಡೇ ಇದ್ದ. ನಾ ಎದ್ದು ನಿಂತೆ. ಅವನು ಕೈ ಚಾಚಿದ, ವಾಚು ಕಟ್ಟಿದ ಕೈ. ತೊಗೊ ಅಂತಿದಾನೆ ಅಂದ್ಕೊಂಡೆ. ಬಿಚ್ಚಿ ತೊಗೊಂಡೆ."

ಚೆನ್ನಕೇಶವನ್ ಪೆನ್ನು ಕೆಳಗಿಟ್ಟರು.

"ತೊಗೊಂಡ ಮೇಲೂ ಆ ಕೈ ಹಂಗೇ ಇತ್ತು ಸಾರ್. ಕೆಳಗೆ ಇಳಿಸ್ಲೇ ಇಲ್ಲ."

ಹೊರಗೆ ಬಸ್ಸುಗಳ ಹಾರ್ನು. ತೆನ್ಮೊಳಿ ನೀರಿನ ಲೋಟ ತಂದಿಟ್ಟಳು.

ಸತ್ತವನ ಮೈಮೇಲಿನ ವಸ್ತುವನ್ನು ಲಪಟಾಯಿಸಿದರೆ ೩೧೫ನೇ ಕಲಮು. ರಂಗಸಾಮಿ ಅದನ್ನೇ ಬರೆದಿದ್ದ. ಆದರೆ ಗಡಿಯಾರ ಬಿಚ್ಚಿಕೊಂಡಾಗ ಕುಮರೇಶನ್ ಸತ್ತಿರಲಿಲ್ಲ ಎಂದು ಆರೋಪಿಯೇ ಹೇಳುತ್ತಿದ್ದ. ಚೆನ್ನಕೇಶವನ್ ೩೧೫ನ್ನು ಹೊಡೆದು ೩೧೪ ಎಂದು ತಿದ್ದಿದರು. ಅದು ಇನ್ನೂ ಸಣ್ಣದು. ಜೀವ ಇರುವ ಸ್ನೇಹಿತನನ್ನು ಹಿಮದಲ್ಲಿ ಬಿಟ್ಟು ಬಂದದ್ದಕ್ಕೆ ಕಲಮು ಹುಡುಕಿ ಸರ್ಕಾರಿ ವಕೀಲರನ್ನು ಕೇಳಿದರು. ಎತ್ತಿಕೊಂಡು ಬರಲು ಆಗುತ್ತಿತ್ತೇ ಎಂದು ವಕೀಲರು ಮರುಪ್ರಶ್ನೆ ಹಾಕಿದರು. ಇಲ್ಲ, ಇಬ್ಬರೂ ಸಾಯುತ್ತಿದ್ದರು. ಹಾಗಿದ್ದರೆ ಯಾವ ಕಲಮೂ ಇಲ್ಲ ಎಂದರು ವಕೀಲರು. ಸುಳ್ಳು ಹೇಳಿಕೆಯ ವಿಷಯ ಉತ್ತರಾಖಂಡದ ಪೊಲೀಸರಿಗೆ ಬಿಟ್ಟದ್ದು. ಅವರಿಗೊಂದು ಪತ್ರ ಹೋಯಿತು.

ಮ್ಯಾಜಿಸ್ಟ್ರೇಟರ ವಾರಂಟ್ ಪಡೆದು ಶುಕ್ರವಾರ, ಫೆಬ್ರವರಿ ೨೦ರಂದು ಬೆಳಿಗ್ಗೆ ಸೆಲ್ವಕುಮಾರ್‌ನನ್ನು ಅವನ ಅಂಗಡಿಯಲ್ಲೇ ಬಂಧಿಸಿದರು. ಅವನು ಕೈಗಳನ್ನು ತಾನೇ ಮುಂದೆ ಚಾಚಿದ. ಕೋಳ ಬೇಕಿಲ್ಲ ಎಂದು ರಂಗಸಾಮಿ ತೋಳು ಹಿಡಿದು ಕರೆದುಕೊಂಡು ಹೋದ. ಜಾಮೀನು ಕೊಡಬೇಕಾದ ಅಪರಾಧ. ಮಧ್ಯಾಹ್ನದೊಳಗೆ ವಕೀಲರ ಕಾರಿನಲ್ಲಿ ಮನೆಗೆ ಹೋದ.

ಚೆನ್ನಕೇಶವನ್ ಅದೇ ಸಂಜೆ ಮಡತ್ತುಕುಳಂಗೆ ಹೋದರು. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಗೋಕಿಲಾ ಕೊಟ್ಟ ಕಾಫಿ ಕುಡಿದು, ಬಿರುಗಾಳಿಯಿಂದ ಮೊದಲುಮಾಡಿ ಎಲ್ಲ ಹೇಳಿದರು. ಕೈ ಚಾಚಿದ ಮಾತು ಒಂದನ್ನು ಬಿಟ್ಟರು. ಅದು ಹೇಗೂ ಕೋರ್ಟಿನಲ್ಲಿ ಅವಳ ಕಿವಿಗೆ ಬೀಳುತ್ತದೆಂದು ಗೊತ್ತಿದ್ದೂ ಬಿಟ್ಟರು.

"ಹಂಗಾದ್ರೆ ಆ ಅಣ್ಣ ಬಿಟ್ಟು ಬರೋವಾಗ ಇವರಿಗೆ ಉಸುರು ಇತ್ತು," ಎಂದಳು ಅವಳು.

"ಇತ್ತಮ್ಮ."

"ಯಾಕೆ ಮರೆಸಿದ್ದು? ಅವತ್ತೇ ಹೇಳಿದ್ರೆ ನಾ ಏನ್ ಮಾಡ್ತಿದ್ದೆ?"

ಇದಕ್ಕೆ ಕೇಸ್ ಡೈರಿಯಲ್ಲಿ ಅವರು ಅದೇ ಮಧ್ಯಾಹ್ನ ನಾಲ್ಕು ಸಾಲು ಬರೆದಿದ್ದರು. ಆರೋಪಿಗೆ ಗಡಿಯಾರದ ಆಸೆ ಇರಲಿಲ್ಲ. ಅಂಥವು ಅವನ ಅಂಗಡಿ ತುಂಬ ಇವೆ. ಬದುಕುವ ಆಸೆಯಿಂದ ತೆಗೆದುಕೊಂಡ, ಬದುಕಿದ ನಾಚಿಕೆಯಿಂದ ಮುಚ್ಚಿಟ್ಟ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದು ಏಕೆಂದು ಕೇಳಿದಾಗ, ದಿನವೂ ನೋಡದೆ ಇರಲಾಗಲಿಲ್ಲ ಎಂದಿದ್ದ. ಇಷ್ಟನ್ನೂ ಈ ಹೊಸ್ತಿಲಲ್ಲಿ ಹೇಳಲು ಚೆನ್ನಕೇಶವನ್‌ಗೆ ಬಾಯಿ ಬರಲಿಲ್ಲ. "ಭಯಮ್ಮ," ಎಂದರು.

ಗೋಕಿಲಾ ತಲೆಯಾಡಿಸಿದಳು. ಸತ್ತದ್ದನ್ನು ಹಾಗಾದರೆ ಯಾರೂ ನೋಡಿಲ್ಲ, ಅಲ್ಲವೇ ಎಂದು ಕೇಳಿದಳು. ಇಲ್ಲ ಎಂದರು. ಸರ್ಟಿಫಿಕೇಟು? ಕೋರ್ಟಿನಲ್ಲಿ ಅರ್ಜಿ ಹಾಕಿ ನೋಡಬಹುದು, ತಾನೂ ಬಂದು ಹೇಳುತ್ತೇನೆ ಎಂದರು. ಹೇಳುವಾಗಲೇ ಅದರಲ್ಲಿ ಬಲವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಒಳಗಿನಿಂದ ಪಂಕಜಂ ದನಿ ಬಂತು. "ಏನಮ್ಮಿ, ಏನಂತೆ? ಸಿಕ್ಕಿದ್ನಾ?"

ಗೋಕಿಲಾ ಎದ್ದು, ಖಾಲಿ ಲೋಟ ತೆಗೆದುಕೊಂಡು, ಒಳಗೆ ಹೋಗುತ್ತ ಅತ್ತೆಗೆ ಕೇಳುವಷ್ಟೇ ದನಿಯಲ್ಲಿ ಹೇಳಿದಳು:

"ಇನ್ನೂ ತೆರಿಯಲ್ಲವಂತೆ ಅತ್ತೆ. ಹುಡುಕ್ತಾನೇ ಇದಾರಂತೆ."