ಮೊಂತಾಗ್ರೆಲ್ ಮನೆಯ ಮೂಲ

ಚರ್ಚಿನ ಕಲ್ಲುನೆಲದ ಮೇಲೆ ಒಬ್ಬ ಗಂಡಸು ಬೋರಲಾಗಿ ಮಲಗಿದ್ದ. ಅಲ್ಲಿ ಗೊಬೇರ್ ದೊರೆಯ ಗೋರಿಯನ್ನು ನಾಲ್ಕು ಕಲ್ಲಿನ ಸಿಂಹಗಳು ಹೊತ್ತಿದ್ದವು; ಆ ಸಿಂಹಗಳ ನಡುವಿನ ಸಂದಿಯಲ್ಲಿ ಅವನ ತಲೆ ತೂರಿಹೋಗಿತ್ತು. ಹೊರಗೆ ಕಾಣುತ್ತಿದ್ದದ್ದು ಧೂಳು ಹಿಡಿದ ಕೋಟು ಮತ್ತು ಎರಡು ಬೂಟು.

ಹೂ ಬದಲಾಯಿಸಲು ಬಂದಿದ್ದ ಕೊರಾಲಿ ಹೂದಾನಿಯನ್ನು ಮೆಲ್ಲಗೆ ಕೆಳಗಿಟ್ಟು, ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡಳು. ಹೋದ ವರ್ಷವಷ್ಟೇ ಪಕ್ಕದೂರಿನ ಚರ್ಚಿನಿಂದ ಮರದ ಸಂತನೊಬ್ಬನನ್ನು ಯಾರೋ ಹೊತ್ತೊಯ್ದಿದ್ದರು.

"ಏಯ್, ಮೇಲೇಳು! ಪೊಲೀಸರನ್ನ ಕರೀತೀನಿ ನೋಡು."

"ಒಂದೇ ನಿಮಿಷ," ಗೋರಿಯ ಅಡಿಯಿಂದ ದನಿ ಬಂತು. "ಇನ್ನೊಂದೇ ಅಕ್ಷರ ಉಳಿದಿದೆ."

ಪೊರಕೆ ಬೆನ್ನಿನ ಮೇಲೆ ಬಿತ್ತು.

ಹೊರಗೆ ಬಂದವನ ತಲೆಯ ಮೇಲೆ ಜೇಡರಬಲೆ, ಕನ್ನಡಕ ಸೊಟ್ಟ. ಆದರೂ ಮುಖದಲ್ಲಿ ಎಂಥದೋ ಖುಷಿ. "ನಾನು ಕಳ್ಳ ಅಲ್ಲ. ಹೆಸರು ಸಿಲ್ವೇರ್. ಒನೊರೆ ಮೊಂತಾಗ್ರೆಲ್ ಅವರು ಕರೆಸಿದಾರೆ, ಅವರ ವಂಶಾವಳಿ ಹುಡುಕೋಕೆ."

"ಒನೊರೆ ನಮ್ಮಪ್ಪ," ಎಂದಳು ಕೊರಾಲಿ. ಪೊರಕೆ ತಾನಾಗಿ ಬೆನ್ನ ಹಿಂದೆ ಹೋಯಿತು.

"ಹಾಗಾದ್ರೆ ನೀವು ಹೊಡೆದಿದ್ದು ನಿಮ್ಮ ಮುತ್ತಾತನ ಕಣ್ಣೆದುರಿಗೇ."

"ಈ ದೊರೆ ನಮ್ಮ ಮುತ್ತಾತ ಹೌದೋ ಅಲ್ವೋ ನೋಡೋಕೆ ತಾನೇ ನೀವು ಬಂದಿರೋದು?"

ಅವನು ನಕ್ಕುಬಿಟ್ಟ. ನಗುವಾಗ ಅವನ ಎಡಹುಬ್ಬು ಒಂದೇ ಮೇಲೇರುವುದನ್ನು ಕೊರಾಲಿ ನೋಡಿದಳು. ನೋಡಬಾರದಿತ್ತು. ಅದು ಮತ್ತೆ ಯಾವಾಗ ಏರುತ್ತದೋ ಎಂದು ಕಾಯುವ ಚಟ ಅಂದೇ ಅಂಟಿಕೊಂಡಿತು.

ಪೆರಿಗೋರ್ ಸೀಮೆಯ ಆ ಹಳ್ಳಿಯಲ್ಲಿ ಒನೊರೆಯದು ಅಕ್ರೋಟಿನ ಎಣ್ಣೆ ತೆಗೆಯುವ ಗಾಣ. ಎಂಟುನೂರು ವರ್ಷಗಳ ಹಿಂದೆ ಧರ್ಮಯುದ್ಧಕ್ಕೆ ಹೋಗಿ ಬಂದು, ಈಗ ಚರ್ಚಿನಲ್ಲಿ ಕಲ್ಲಾಗಿ ಮಲಗಿದ್ದ ಗೊಬೇರ್ ದೊರೆಯ ಮನೆತನವೂ ಮೊಂತಾಗ್ರೆಲ್, ತನ್ನದೂ ಮೊಂತಾಗ್ರೆಲ್. ಇನ್ನೇನು ಬೇಕು ಎಂಬುದು ಅವನ ವಾದ. ವಸಂತದಲ್ಲಿ ಹೃದಯಾಘಾತವಾಗಿ ಆಸ್ಪತ್ರೆಯಿಂದ ಮರಳಿದ ಮೇಲೆ ಅವನು ಹಾಸಿಗೆ ಬಿಟ್ಟು ಏಳಲೇ ಇಲ್ಲ. ಗಾಣ ನಿಂತಿತು, ಊಟ ಸೇರದಾಯಿತು. ಒಂದು ದಿನ ಇದ್ದಕ್ಕಿದ್ದಂತೆ, ಸಾಯುವುದರೊಳಗೆ ತಾನು ಯಾರ ಪೈಕಿ ಎಂದು ತಿಳಿಯಬೇಕು ಎಂದ. ಅಂದೇ ಎದ್ದು ಕೂತು ಗಡ್ಡ ಬೋಳಿಸಿಕೊಂಡ. ಅಕ್ರೋಟು ಕೊಯ್ಲಿನ ಹಬ್ಬಕ್ಕೆ ಗಾಣದ ಬಾಗಿಲ ಮೇಲೆ ದೊರೆಯ ಗಿಡುಗದ ಲಾಂಛನ ಕೆತ್ತಿಸುವುದಾಗಿ ಊರಿಗೆಲ್ಲ ಸಾರಿಯೂ ಬಿಟ್ಟ.

"ದೊರೆಮಗನೇ, ಸೂಪು ಆರ್ತಾ ಇದೆ," ಎಂದು ಹೆಂಡತಿ ಲ್ಯೂಸೆಟ್ ಅಡುಗೆಮನೆಯಿಂದ ಕೂಗುತ್ತಿದ್ದಳು.

"ಬಾತುಕೋಳಿ ಸಾಕೋರ ಮನೆಯಿಂದ ಬಂದೋಳಿಗೆ ವಂಶದ ಬೆಲೆ ಏನು ಗೊತ್ತು!"

"ಆ ಬಾತುಕೋಳಿಯೇ ನಿನ್ನ ಸೂಪಿನಲ್ಲಿರೋದು. ತಿನ್ನು."

ಸಿಲ್ವೇರ್ ಪ್ರತಿ ಶನಿವಾರ ಪೆರಿಗ್ಯೂ ಪಟ್ಟಣದಿಂದ ಬರತೊಡಗಿದ. ಅಪ್ಪನ ಕಾಲಿಗೆ ಬಲವಿಲ್ಲದ್ದರಿಂದ ಊರು ತೋರಿಸುವ ಕೆಲಸ ಕೊರಾಲಿಯ ಪಾಲಿಗೆ ಬಂತು. ಪಾಳು ಕೋಟೆ ಹತ್ತಿದರು. ಸ್ಮಶಾನದ ಕಲ್ಲುಗಳ ಪಾಚಿ ಕೆರೆದು ಹೆಸರು ಓದಿದರು. ತಾತನ ತಾತ, ಅವನ ತಾತ ಎಂದು ಒಬ್ಬೊಬ್ಬನೇ ಸಿಗುತ್ತ ಹೋದಂತೆ ಅವಳಿಗೂ ಗೀಳು ಹತ್ತಿತು. ಯಾರು ಎರಡು ಮದುವೆಯಾದ, ಯಾರು ಕುದುರೆ ಕದ್ದು ಸಿಕ್ಕಿಬಿದ್ದ, ಎಲ್ಲವೂ ಅವಳಿಗೆ ಬೇಕು. ಗಾಣದ ಕಟ್ಟೆಯ ಮೇಲೆ ಕೂತು ಹೋದ ವರ್ಷದ ಎಣ್ಣೆಯಲ್ಲಿ ಬ್ರೆಡ್ ಅದ್ದಿ ತಿನ್ನುತ್ತ ಪ್ರಶ್ನೆ ಕೇಳುತ್ತಿದ್ದಳು. ಉತ್ತರ ಹೇಳುವಾಗ ಅವನು ಅವಳ ಬೆರಳಿಗೆ ಮೆತ್ತಿದ ಎಣ್ಣೆಯನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ತಟಕ್ಕನೆ ಬೆಟ್ಟ ನೋಡುತ್ತಿದ್ದ.

"ಬೆಟ್ಟದ ಮೇಲೆ ಏನಿದೆ?"

"ಏನಿಲ್ಲ. ಬೆಟ್ಟ."

"ನಮ್ಮೋರೆಲ್ಲ ಸಿಗ್ತಾ ಇದಾರೆ. ನಿಮ್ಮ ಕಡೆಯೋರು ಯಾರು? ನೀವೂ ಯಾವನಾದ್ರೂ ಡ್ಯೂಕನ ಮೊಮ್ಮಗನಾ?"

ಅವನು ಇನ್ನೊಂದು ಬ್ರೆಡ್ ತುಂಡು ಮುರಿದ. "ಎಣ್ಣೆ ತುಂಬಾ ಚೆನ್ನಾಗಿದೆ," ಎಂದ.

ಹಬ್ಬಕ್ಕೆ ಎರಡು ವಾರವಿರುವಾಗ ಸಿಲ್ವೇರ್ ಮನೆಗೆ ಬಾರದೆ, ತೋಟದಲ್ಲಿ ಅಕ್ರೋಟು ಆಯುತ್ತಿದ್ದ ಕೊರಾಲಿಯ ಹತ್ತಿರ ನೇರವಾಗಿ ಬಂದ. ಮುಖ ಸಪ್ಪೆಯಾಗಿತ್ತು.

"ಬುಡ ಸಿಕ್ತು," ಎಂದ. "ತೂಸಾಂ ಮೊಂತಾಗ್ರೆಲ್. ನಾನೂರು ವರ್ಷದ ಹಿಂದಿನವನು. ಸಂತರ ಹಬ್ಬದ ಬೆಳಿಗ್ಗೆ ಕೋಟೆ ಬಾಗಿಲಲ್ಲಿ ಬುಟ್ಟೀಲಿ ಸಿಕ್ಕಿದ ಕೂಸು. ಹೆತ್ತೋರು ಯಾರೋ ಗೊತ್ತಿಲ್ಲ. ತೂಸಾಂ ಅಂದ್ರೆ ಆ ಹಬ್ಬ, ಮೊಂತಾಗ್ರೆಲ್ ಅಂದ್ರೆ ಆ ಕೋಟೆ; ಅದನ್ನೇ ಹೆಸರಾಗಿ ಇಟ್ಟರು. ದೊರೆಗೂ ನಿಮಗೂ ರಕ್ತಸಂಬಂಧ ಇಲ್ಲ."

ಅಕ್ರೋಟು ಸಿಪ್ಪೆಯ ಕಲೆಗೆ ಕಪ್ಪಾದ ಕೊರಾಲಿಯ ಕೈಯಿಂದ ಕಾಯಿಗಳು ಉದುರಿದವು. ಅಪ್ಪನ ಗಡ್ಡ ಬೋಳಿಸಿದ ಮುಖ ಕಣ್ಣೆದುರು ಬಂತು.

"ಅವರಿಗೆ ಹೇಳ್ಬೇಡಿ. ಒಬ್ಬ ತೂಸಾಂನನ್ನ ಬಿಟ್ಟುಬಿಡಿ. ಅವನ ಜಾಗದಲ್ಲಿ ದೊರೆಯ ವಂಶದೋನು ಅಂತ ಯಾರದಾದ್ರೂ ಹೆಸರು ಹಾಕಿ. ಯಾರಿಗೆ ತೊಂದರೆ?"

"ತೂಸಾಂಗೆ."

"ಸತ್ತು ಮಣ್ಣಾದೋನಿಗೆ?"

"ಆಗಲ್ಲ, ಕೊರಾಲಿ."

"ನನ್ನ ಅಪ್ಪನಿಗಿಂತ ಯಾವನೋ ಬುಟ್ಟಿಯ ಮಗು ಹೆಚ್ಚಾಯ್ತಾ ನಿಮಗೆ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ. "ನಾನೂ ಬುಟ್ಟಿಯ ಮಗುವೇ," ಎಂದ. "ನನ್ನನ್ನ ಹೆತ್ತೋಳು ಆಸ್ಪತ್ರೇಲಿ ಹೆಸರು ಹೇಳದೆ ಹೋಗಿಬಿಟ್ಟಳು. ಊರೋರ ವಂಶವೆಲ್ಲ ಹುಡುಕಿಕೊಡ್ತೀನಿ, ನನ್ನದು ನನ್ನ ಹೆಸರಿಗೇ ನಿಂತುಹೋಗುತ್ತೆ. ಯಾರೋ ಒಬ್ಬರು ಆ ತೂಸಾಂನ ಎತ್ತಿಕೊಂಡು ಹಾಲು ಕುಡಿಸಿದಾರೆ. ನಿಮ್ಮಪ್ಪ ಇರೋದು ಅದರಿಂದ, ನೀವು ಇರೋದು ಅದರಿಂದ. ಅವನನ್ನ ನನ್ನ ಕೈಯಾರೆ ಅಳಿಸೋಕಾಗಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಮರುದಿನ ಮಧ್ಯಾಹ್ನ ಊಟದ ಮೇಜಿನಲ್ಲಿ ಕೊರಾಲಿಯೇ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಅಪ್ಪನ ಕೈ ಹಿಡಿದುಕೊಂಡಿದ್ದಳು. ಒನೊರೆ ಕೈ ಬಿಡಿಸಿಕೊಂಡು ಹೊರಗೆ ಹೋದ. ಎರಡು ದಿನ ಲ್ಯೂಸೆಟ್ ಕೂಡ ತಮಾಷೆ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗಾಣದ ಸದ್ದು ಕೇಳಿ ಕೊರಾಲಿ ಓಡಿದಳು. ಅಪ್ಪ ಗಾಣಕ್ಕೆ ಅಕ್ರೋಟಿನ ತಿರುಳು ತುಂಬುತ್ತಿದ್ದ.

"ಚಳಿಗಾಲದ ಹೊತ್ತು," ಎಂದ, ತಿರುಗದೆ. "ಸಂತರ ಹಬ್ಬಕ್ಕೆ ಬೆಳಿಗ್ಗೆ ಮಂಜು ಬಿದ್ದಿರುತ್ತೆ. ಬುಟ್ಟೀಲಿ ಆ ಕೂಸಿಗೆ ಹೊದಿಕೆ ಇತ್ತಾ? ಅದನ್ನ ಕೇಳ್ಬೇಕು ಆ ಹುಡುಗನ್ನ. ಯಾಕೆ ಬರ್ತಾ ಇಲ್ಲ ಅವನು?"

ಕೊರಾಲಿ ಫೋನ್ ಮಾಡಿದಳು. ಎತ್ತಲಿಲ್ಲ. "ಅಪ್ಪ ಕೇಳ್ತಿದಾರೆ" ಎಂದು ಮೆಸೇಜ್ ಬರೆದಳು. ಅಳಿಸಿ, "ನಾನು ಕಾಯ್ತಿದೀನಿ" ಎಂದು ಬರೆದಳು.

ಕೊಯ್ಲಿನ ಹಬ್ಬದ ದಿನ ಬೆಳಿಗ್ಗೆ, ಅಂಗಳದಲ್ಲಿ ಮೇಜು ಜೋಡಿಸುತ್ತಿರುವಾಗ, ಸಿಲ್ವೇರ್ ಗೇಟಿನಲ್ಲಿ ನಿಂತಿದ್ದ. ನಿದ್ದೆಗೆಟ್ಟ ಕಣ್ಣು, ಬಗಲಲ್ಲಿ ಸುರುಳಿ ಸುತ್ತಿದ ಕಾಗದ. ಅವಳತ್ತ ಒಮ್ಮೆ ನೋಡಿ, ನೇರ ಲ್ಯೂಸೆಟ್ ಹತ್ತಿರ ಹೋದ. ಅವಳು ಸ್ಟೂಲಿನ ಮೇಲೆ ಕೂತು ಬಾತುಕೋಳಿಯ ಪುಕ್ಕ ಕೀಳುತ್ತಿದ್ದಳು.

"ಮೇಡಂ, ನಿಮ್ಮ ಕಡೆಯ ವಂಶ ಹುಡುಕಿದೆ. ಗೊಬೇರ್ ದೊರೆಯ ಮೊಮ್ಮಗನ ಸಂತತೀಲಿ ಒಬ್ಬಳು ಕಿರೀಮಗಳು, ಮನೆಯೋರ ಮಾತು ಮೀರಿ ಕುದುರೆ ಲಾಯದ ಆಳೊಬ್ಬನನ್ನ ಮದುವೆಯಾದಳು. ಅಪ್ಪ ವರದಕ್ಷಿಣೆ ಕೊಡಲಿಲ್ಲ. ಅವಳ ಮಗಳು ಹಿಟ್ಟಿನ ಗಿರಣಿಯವನಿಗೆ, ಮೊಮ್ಮಗಳು ಬಾತುಕೋಳಿ ಸಾಕೋನಿಗೆ. ಬರೀ ಹೆಣ್ಣುಮಕ್ಕಳ ಸಾಲು, ಅದಕ್ಕೇ ಹೆಸರು ಉಳಿಯಲಿಲ್ಲ. ಆ ಸಾಲಿನ ಕೊನೇಲಿ ನೀವಿದೀರಿ."

ಒನೊರೆ ಕುರ್ಚಿ ಹುಡುಕಿ ಕೂತ. "ನಲವತ್ತು ವರ್ಷದಿಂದ," ಎಂದ, "ನಾನು ದೊರೆಮಗಳ ಕೈಲಿ ಸೂಪು ಮಾಡಿಸ್ಕೊಂಡು ಕುಡೀತಿದೀನಾ?"

ಲ್ಯೂಸೆಟ್ ಎದ್ದು, ಅರ್ಧ ಪುಕ್ಕ ಕಿತ್ತ ಬಾತುಕೋಳಿಯನ್ನು ಗಂಡನ ಮಡಿಲಿಗೆ ಇಟ್ಟಳು. "ಉಳಿದಿದ್ದು ನೀನೇ ಕೀಳು. ನಾನು ಸೀರಿಯಲ್ ನೋಡ್ಬೇಕು."

ಒನೊರೆ ಹೊಟ್ಟೆ ಹಿಡಿದು ನಕ್ಕ. ಕಣ್ಣು ಒರೆಸಿಕೊಂಡು ಸಿಲ್ವೇರ್‌ನ ತೋಳು ಹಿಡಿದ. "ಮಗಳು ನಿನ್ನ ವಿಷಯ ಹೇಳಿದಳಪ್ಪ. ನಮ್ಮ ಗಂಡಸರ ಕಡೆ ಬುಡ ಬುಟ್ಟೀಲೇ ಇದೆ. ನೀನೂ ಅಲ್ಲಿಂದಲೇ ಬಂದೋನು. ಈ ಮನೇಲಿ ನಿನಗೆ ಸಂಕೋಚ ಯಾಕೆ? ಇವತ್ತು ನನ್ನ ಪಕ್ಕದಲ್ಲೇ ಕೂತ್ಕೋ."

ಸಿಲ್ವೇರ್ ತಲೆಯಾಡಿಸಿ, ಬಗಲಲ್ಲಿದ್ದ ಸುರುಳಿಯನ್ನು ಮೇಜಿನ ಮೇಲಿಟ್ಟ.

ಗಾಣದ ಹಿಂದಿನ ಮರದಡಿ ಕೊರಾಲಿ ಅವನನ್ನು ಹಿಡಿದು ನಿಲ್ಲಿಸಿದಳು. "ಅಮ್ಮನ ಕಡೆ ಹುಡುಕು ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಲಿಲ್ಲ. ಜೂನ್‌ನಿಂದಲೇ ಹುಡುಕ್ತಿದೀನಿ. ನಿಮ್ಮಪ್ಪನ ಕೆಲಸ ಮುಗಿದುಹೋದ್ರೆ…" ಅವನು ಬೆಟ್ಟದ ಕಡೆ ನೋಡಹೊರಟವನು ಈ ಸಲ ತಡೆದು ಅವಳನ್ನೇ ನೋಡಿದ. "ಇಲ್ಲಿಗೆ ಬರೋಕೆ ನೆಪ ಇರ್ತಿರಲಿಲ್ಲ. ನಿನ್ನ ಮುತ್ತಜ್ಜಿಯರನ್ನೆಲ್ಲ ಒಬ್ಬೊಬ್ಬರಾಗಿ ಪ್ರೀತಿಸೋದು ಅಭ್ಯಾಸ ಆಗೋಗಿದೆ ನಂಗೆ. ಕೊನೆಯವಳ ಹತ್ತಿರ ಬಂದು ನಿಂತಿದೀನಿ."

ಕೊರಾಲಿಗೆ ಕಿವಿಯವರೆಗೂ ಬಿಸಿಯೇರಿತು. ಆದರೂ ಸುಮ್ಮನಿರಲು ಅವಳಿಂದಾಗಲಿಲ್ಲ.

"ನಿಂಗೆ ಹಿಂದೆ ಯಾರೂ ಇಲ್ಲ ಅಲ್ವಾ? ಅಂದ್ರೆ ನಿನ್ನ ವಂಶಕ್ಕೆ ನೀನೇ ಮೂಲಪುರುಷ."

"ಇರಬಹುದು."

"ಇಷ್ಟೊಂದು ವಂಶ ಹುಡುಕಿದೋನು ನೀನು, ಹೇಳು," ಎನ್ನುತ್ತ ಅವಳು ಅವನ ಕೋಟಿನ ಗುಂಡಿ ಹಿಡಿದು ಹತ್ತಿರಕ್ಕೆಳೆದಳು. "ಮೂಲಪುರುಷ ಒಬ್ಬನೇ ನಿಂತಿದ್ರೆ ವಂಶ ಮುಂದುವರಿಯುತ್ತಾ?"